ಚೆಲ್ಲದ ಎಣ್ಣೆ

"ಎರಡೂ ಖಾಲಿ," ಎಂದಳು ತೇಜಸ್ವಿನಿ, ಬಸ್ಸಿನ ಕೆಳಗಿನಿಂದ. "ಗೇರ್ ಬಾಕ್ಸಲ್ಲೂ ಇಲ್ಲ, ಕ್ರೌನಲ್ಲೂ ಇಲ್ಲ. ಟಾರ್ಚು ಈ ಕಡೆ ಹಿಡೀರಿ ಬೆಟ್ಟಯ್ಯನೋರೇ."

ಹೆಡ್ ಕಾನ್‌ಸ್ಟೇಬಲ್ ಬೆಟ್ಟಯ್ಯ ಕುಕ್ಕರುಗಾಲಲ್ಲಿ ಕೂತು ಟಾರ್ಚು ಹಿಡಿದಿದ್ದ. ಐವತ್ತು ದಾಟಿದ ಆಳು. ಮಂಡಿ ನೋವು ಎಂದು ಬೆಳಗ್ಗೆಯಿಂದ ಹೇಳುತ್ತಲೇ ಇದ್ದ.

"ನಾನೂ ನೆನ್ನೆಯಿಂದ ಅದ್ನೇ ಅಲ್ವಾ ಮೇಡಂ ಬಡ್ಕತಿರೋದು? ಆ ಶಾಂತರಾಜು ಪ್ಲಗ್ಗು ಬಿಗಿ ಮಾಡ್ದೆ ಬುಟ್ಟವ್ನೆ. ಬೇಕಂತ್ಲೇ ಬುಟ್ಟವ್ನೆ."

ಗುಂಡ್ಲುಪೇಟೆ ಠಾಣೆಯ ಹಿಂದಿನ ಅಂಗಳದಲ್ಲಿ ನಿಂತಿದ್ದ ಆ ಬಸ್ಸಿನ ಒಂದು ಪಕ್ಕ ಪೂರ್ತಿ ಜಜ್ಜಿಹೋಗಿತ್ತು. ಮಿನಿ ಬಸ್ಸಿನ ಚಾಸಿಯ ಮೇಲೆ ಮಂಚ, ಅಡುಗೆ ಕಟ್ಟೆ, ಕಕ್ಕಸು ಎಲ್ಲವನ್ನೂ ಕೂರಿಸಿ ಕಟ್ಟಿಸಿದ ಗಾಡಿ. ಊರಿನವರು ಮನೆಬಸ್ಸು ಎನ್ನುತ್ತಿದ್ದರು. ಈ ವರ್ಷದಿಂದ ರಾತ್ರಿ ಹೊತ್ತು ಬಂಡೀಪುರದ ಗೇಟು ಮುಚ್ಚುತ್ತಿದ್ದರು. ಊಟಿಗೆ ಹೊರಟವರು ಕಾಡಿನ ಈಚೆಗೇ ಉಳಿದುಬಿಡುತ್ತಿದ್ದರು. ಅಂಥವರಿಗೆ ಬಾಡಿಗೆಗೆ ಕೊಡಲೆಂದು ಮಾಲೀಕ ಶಿವರುದ್ರಸ್ವಾಮಿ ಅದನ್ನು ಮಾಡಿಸಿದ್ದ.

ಶುಕ್ರವಾರ ಬೆಳಗಿನ ಜಾವ ಅವನೇ ಅದನ್ನು ಓಡಿಸಿಕೊಂಡು ಪೂಜೆಗೆಂದು ಗೋಪಾಲಸ್ವಾಮಿ ಬೆಟ್ಟಕ್ಕೆ ಹೋಗಿದ್ದ. ಇಳಿಯುವಾಗ ಹಿಂದಿನ ಚಕ್ರಗಳು ಒಮ್ಮೆಲೇ ಕಚ್ಚಿಕೊಂಡು ಬಸ್ಸು ಹಳ್ಳಕ್ಕೆ ಉರುಳಿತ್ತು. ಪ್ರಜ್ಞೆ ತಪ್ಪಿದ್ದ ಅವನನ್ನು ಮೈಸೂರಿನ ಆಸ್ಪತ್ರೆಗೆ ಸೇರಿಸಿದ್ದರು.

ಹಿಂದಿನ ದಿನವಷ್ಟೇ ಅದರ ಗೇರ್ ಆಯಿಲ್, ಕ್ರೌನ್ ಆಯಿಲ್ ಎರಡನ್ನೂ ಬದಲಾಯಿಸಿದ್ದವನು ಹೆದ್ದಾರಿ ಪಕ್ಕದ ಶೆಡ್ಡಿನ ಮೆಕ್ಯಾನಿಕ್ ಶಾಂತರಾಜು. ಆ ಶೆಡ್ಡು ಎತ್ತಿಸಬೇಕೆಂದು ಶಿವರುದ್ರಸ್ವಾಮಿ ಪುರಸಭೆಗೆ ಅರ್ಜಿ ಹಾಕಿದ್ದ. ಸಂತೆಯಲ್ಲಿ ಇಬ್ಬರೂ ಕೊರಳಪಟ್ಟಿ ಹಿಡಿದದ್ದನ್ನು ಅರ್ಧ ಊರು ನೋಡಿತ್ತು. ಆದರೂ ಆ ಚಾಸಿಯ ಕೆಲಸ ಮಾಡುವವನು ಊರಲ್ಲಿ ಅವನೊಬ್ಬನೇ ಆದ್ದರಿಂದ ಗಾಡಿ ಅವನ ಹತ್ತಿರವೇ ಹೋಗಿತ್ತು.

ಶುಕ್ರವಾರ ಸಂಜೆ ಬೆಟ್ಟಯ್ಯ ಅವನನ್ನು ಎಳೆದು ತಂದು ಲಾಕಪ್ಪಿಗೆ ಹಾಕಿದ್ದ. ಇವತ್ತು ಮೂರು ಗಂಟೆಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಕೊಲೆ ಯತ್ನದ ಕೇಸು. ಅಲ್ಲಿಂದ ನೇರ ಚಾಮರಾಜನಗರದ ಜೈಲು.

ತೇಜಸ್ವಿನಿ ಬೆನ್ನಿನ ಮೇಲೆ ಇನ್ನೊಂದಿಷ್ಟು ಹಿಂದಕ್ಕೆ ಸರಿದಳು. ಗುಂಡ್ಲುಪೇಟೆಗೆ ಸಬ್ ಇನ್‌ಸ್ಪೆಕ್ಟರಾಗಿ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಖಾಕಿ ಪ್ಯಾಂಟು ಮಣ್ಣಾಗುವುದರ ಬಗ್ಗೆ ಅವಳಿಗೆ ಬೇಸರವಿರಲಿಲ್ಲ. ಅವಳಪ್ಪ ಚಾಮರಾಜನಗರದ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಇಂಥ ಹೊಟ್ಟೆಗಳ ಕೆಳಗೆ ಅವಳು ಚಿಕ್ಕಂದಿನಲ್ಲೇ ತೂರಿದ್ದಳು.

ಕ್ರೌನ್ ಎಂದರೆ ಹಿಂದಿನ ಎರಡು ಚಕ್ರಗಳ ನಡುವೆ ಇರುವ, ಬೋಸಿ ಪಾತ್ರೆಯಂಥ ಕಬ್ಬಿಣದ ಗುಂಡು. ಒಳಗೆ ಹಲ್ಲಿನ ಚಕ್ರಗಳು ಎಣ್ಣೆಯಲ್ಲಿ ಮುಳುಗಿರುತ್ತವೆ. ಎಣ್ಣೆ ಇಳಿಸುವ ಕೆಳಗಿನ ತೂತು ಈಗ ಬೋಳಾಗಿತ್ತು. ಎಣ್ಣೆ ಹೊಯ್ಯುವ ಮೇಲಿನ ತೂತಿನ ಪ್ಲಗ್ಗು ಮಾತ್ರ ತನ್ನ ಜಾಗದಲ್ಲಿತ್ತು. ಅದಕ್ಕೆ ಸ್ಪ್ಯಾನರ್ ಹಿಡಿಯುವಂಥ ತಲೆ ಇರಲಿಲ್ಲ. ನಡುವೆ ಬೆರಳ ತುದಿ ಹಿಡಿಸುವಷ್ಟು ಚೌಕದ ಕುಳಿ. ಕಾಣೆಯಾದ ಕೆಳಗಿನ ಪ್ಲಗ್ಗೂ ಇದೇ ಥರದ್ದಿರಬೇಕು.

ಮೊಬೈಲು ಕೂಗಿತು. ಮೈಸೂರಿನ ಆಸ್ಪತ್ರೆಯಲ್ಲಿ ಕಾವಲಿಗಿದ್ದ ಕಾನ್‌ಸ್ಟೇಬಲ್ ಗೋವಿಂದಯ್ಯ. ಅವಳು ಮಲಗಿದಲ್ಲಿಂದಲೇ ಕೇಳಿಸಿಕೊಂಡು ಹೊರಗೆ ಬಂದಳು.

"ಕಣ್ಣು ಬಿಟ್ಟರಂತೆ. ಇನ್ನು ಪ್ರಾಣಕ್ಕೇನೂ ಭಯ ಇಲ್ಲ ಅಂದ್ರಂತೆ ಡಾಕ್ಟರು."

"ಮಾತಾಡ್ತಾವ್ರಾ?" ಎಂದ ಬೆಟ್ಟಯ್ಯ.

"ಇನ್ನೂ ಇಲ್ಲ."

"ಯಾವಾಗ ಮಾತಾಡ್ತಾರಂತೆ?"

"ಎರಡು ದಿನ ಯಾರೂ ಮಾತಾಡಿಸೋ ಹಂಗಿಲ್ಲ."

"ಸದ್ಯ," ಎಂದು ಬೆಟ್ಟಯ್ಯ ಟೋಪಿ ತೆಗೆದು ಹಣೆ ಒರೆಸಿಕೊಂಡ. "ಜೀವ ಉಳೀತಲ್ಲ, ಬುಡಿ."

ತೇಜಸ್ವಿನಿಗೂ ಎದೆಯ ಮೇಲಿಂದ ಒಂದು ಕಲ್ಲು ಇಳಿದಂತಾಯಿತು. ಇನ್ನೊಂದು ಕಲ್ಲು ಲಾಕಪ್ಪಿನಲ್ಲಿ ಕೂತಿತ್ತು.

"ಬೆಟ್ಟಯ್ಯನೋರೇ, ಪ್ಲಗ್ಗು ಸಡಿಲ ಆಗಿ ಬಿದ್ದಿದ್ರೆ ಎಣ್ಣೆ ಎಲ್ಲಿ?"

"ರಸ್ತೇಲಿ ಸುರ್ದೋಗಿರ್ತದೆ."

"ಬೆಳಗ್ಗೆ ನಾವಿಬ್ರೇ ಅಲ್ವಾ ರಸ್ತೆ ನೋಡ್ಕೊಂಡು ಬಂದಿದ್ದು? ಬೆಟ್ಟದ ತಿರುವಿನವರೆಗೂ ಒಂದು ಹನಿ ಇಲ್ಲ. ಅವರ ಮನೆ ಮುಂದೆ ಬಸ್ಸು ನಿಲ್ಲಿಸೋ ಜಾಗದಲ್ಲೂ ಇಲ್ಲ."

"ಮಣ್ಣು ಮುಚ್ಚಿರ್ಬೌದು."

"ಆ ಎಣ್ಣೆ ಬಿದ್ದ ಮಣ್ಣು ನಾರುತ್ತೆ. ಅಲ್ಲಿ ನಾತ ಇಲ್ಲ. ಯಾರೋ ಪಾತ್ರೆ ಹಿಡಿದು ಇಳಿಸ್ಕೊಂಡಿದ್ದಾರೆ."

ಬೆಟ್ಟಯ್ಯ ನಕ್ಕುಬಿಟ್ಟ. "ಅದೇನ್ ದೊಡ್ಡ ವಿಚಾರ ಮೇಡಂ? ನಮ್ ಕಡೆ ಎಣ್ಣೆ ಯಾರು ನೆಲಕ್ಕೆ ಚೆಲ್ತಾರೆ? ಕಳ್ಳ ಆದ್ರೂ ಕ್ಯಾನ್ ಹಿಡೀತಾನೆ. ತೊಲೆಗೆ ಬಳದ್ರೆ ಗೆದ್ಲು ಹತ್ರ ಸುಳಿಯಲ್ಲ. ಎತ್ತಿನ ಗಾಡಿ ಕೀಲಿಗೂ ಅದೇ. ನಮ್ಮನೆ ಕೊಟ್ಟಿಗೆ ಕಂಬಕ್ಕೂ ವರ್ಷ ವರ್ಷ ಅದೇ ಹಚ್ಚೋದು."

ಹೇಳಿ ಮುಗಿಸಿ ಟಾರ್ಚು ಆರಿಸಿದ.

ಒಳ್ಳೆಯ ಮಾತು ಎನ್ನಿಸಿತು ತೇಜಸ್ವಿನಿಗೆ. ಎಣ್ಣೆ ಎಲ್ಲಿ ಹೋಯಿತು ಎಂದು ರಸ್ತೆಯನ್ನು ಕೇಳಿ ಪ್ರಯೋಜನವಿಲ್ಲ. ಕಂಬಗಳನ್ನು ಕೇಳಬೇಕು.

•

ಠಾಣೆಯ ಗೇಟಿನ ಹತ್ತಿರ ಶಾಂತರಾಜುವಿನ ಹೆಂಡತಿ ಕುಮಾರಿ ಟಿಫಿನ್ ಕ್ಯಾರಿಯರ್ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಬೆಳಗ್ಗೆಯೇ ಬಂದಿದ್ದಳು. ಹೋಗುವವರ ಬರುವವರ ಕಾಲು ನೋಡುತ್ತಿದ್ದಳು.

ಲಾಕಪ್ಪಿನ ಸರಳಿನಾಚೆ ಶಾಂತರಾಜು ಎದ್ದು ನಿಂತ. ಮೂವತ್ತರ ಸುಮಾರು. ಉಗುರಿನ ಸಂದಿಯಲ್ಲಿ ಹೋಗದ ಕಪ್ಪು.

"ಹಳೇ ಎಣ್ಣೆ ಏನು ಮಾಡ್ದೆ?"

"ಶಿವಮಲ್ಲು ಕ್ಯಾನಲ್ಲಿ ತುಂಬ್ಕೊಂಡೋದ ಮೇಡಂ. ಮನೆಬಸ್ಸಿನ ಡ್ರೈವರ್ರು. ಯಾವಾಗ್ಲೂ ಅವ್ನೇ ಒಯ್ಯೋದು. ಬೇಗೂರಲ್ಲಿ ಅವ್ರವ್ವ ಕೊಟ್ಟಿಗೆಗೆ ಬಳೀತಾಳೆ."

"ಹೊಸದು?"

"ಹೊಸ್ದು ಗಾಡಿ ಒಳ್ಗೆ ಅಲ್ವಾ ಇರ್ಬೇಕು?"

"ಇಲ್ಲ."

"ಅದ್ನೇ ನಾನೂ ಕೇಳ್ತಾವ್ನಿ, ಎಲ್ಗೋಯ್ತು ಅಂತ. ನಾನು ಬಿಗಿ ಮಾಡಿ, ಒರೆಸಿ, ಒಂದು ರೌಂಡ್ ಓಡ್ಸಿ, ಮತ್ತೆ ಕೆಳಗೆ ನುಗ್ಗಿ ನೋಡಿ ಕೊಟ್ಟಿದ್ದು. ಗುರುವಾರ ಸಂಜೆ ತೆರಕಣಾಂಬೀಲಿ ಲಾರಿ ಕೆಟ್ಟಿತ್ತು, ಓದೆ. ಬಂದಿದ್ದು ಶುಕ್ರವಾರ ಬೆಳಕರಿದ ಮೇಲೆ. ಲಾರಿಯವ್ರನ್ನ ಕೇಳಿ. ಈ ಬೆಟ್ಟಯ್ಯಣ್ಣಂಗೆ ನೂರ್ ಸಲ ಹೇಳ್ದೆ, ಕಿವಿಗೇ ಆಕ್ಕಳ್ಲಿಲ್ಲ."

"ಎಲ್ಲಾ ಕಳ್ರೂ ತೆರಕಣಾಂಬೀಲೇ ಇರ್ತಾರೆ ಕಣ್ಲಾ," ಎಂದ ಬೆಟ್ಟಯ್ಯ.

ತೇಜಸ್ವಿನಿ ಲಾರಿಯ ಮಾಲೀಕನ ನಂಬರ್ ಕೇಳಿ ಅಲ್ಲೇ ಫೋನು ಮಾಡಿದಳು. ಅವನು ತಮಿಳು ಬೆರೆಸಿ, ಹೌದು, ರಾತ್ರಿಯೆಲ್ಲ ಇಲ್ಲೇ ಇದ್ದ, ನನ್ನ ಜೊತೆಯೇ ಊಟ ಮಾಡಿದ, ಲಾರಿ ಇನ್ನೂ ಸದ್ದು ಮಾಡುತ್ತಿದೆ, ಬಿಟ್ಟರೆ ಕಳಿಸಿಕೊಡಿ ಎಂದ.

"ಲಾರಿ ಇನ್ನೂ ಸದ್ದು ಮಾಡ್ತಿದೆಯಂತೆ," ಎಂದಳು.

"ಮಾಡ್ತದೆ, ಅವ್ನು ಆಕಿರೋ ಲೋಡು ಅಂಗದೆ," ಎಂದ ಶಾಂತರಾಜು. ಲಾಕಪ್ಪಿನಲ್ಲಿ ನಿಂತು ಹೇಳಿದ ಮಾತು ಎಂಬುದು ಅವನಿಗೇ ಮರೆತಂತಿತ್ತು.

•

ಬೇಗೂರಿಗೆ ಬೆಟ್ಟಯ್ಯನೇ ಜೀಪು ಓಡಿಸಿದ. ಒಳಗೆ ಕೊಳೆತ ಮೊಟ್ಟೆಯಂಥ ಒಂದು ನಾತ. ಅಪ್ಪನ ಡಿಪೋ ಅಂಗಿಯ ನಾತ ಅದು, ಎಷ್ಟು ಒಗೆದರೂ ಹೋಗುತ್ತಿರಲಿಲ್ಲ. ಇಲಾಖೆಯ ಜೀಪು ಎಲ್ಲೋ ಸೋರುತ್ತಿದೆ ಎಂದುಕೊಂಡು ತೇಜಸ್ವಿನಿ ಪಕ್ಕದ ಪರದೆಯನ್ನು ಎತ್ತಿ ಕಟ್ಟಿದಳು.

ಶಿವಮಲ್ಲುವಿನ ಮನೆ ಊರ ಒಳಗಡೆ. ಹೆಂಚಿನ ಮನೆ, ಪಕ್ಕದಲ್ಲಿ ಕೊಟ್ಟಿಗೆ. ಅವನ ತಾಯಿ ರಾಚಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ಹಳೆ ಬಟ್ಟೆಯ ಉಂಡೆಯಿಂದ ಕೊಟ್ಟಿಗೆಯ ಕಂಬಕ್ಕೆ ಎಣ್ಣೆ ಬಳಿಯುತ್ತಿದ್ದಳು.

"ಯಾರವ್ವಾ ನೀನು? ಪೋಲೀಸಾ? ಅಯ್ಯೋ, ಹೆಣ್ಮಗ! ಅನೂ, ಚಾಪೆ ಆಕಮ್ಮಿ!"

ಒಳಗಿನಿಂದ ಹದಿನೆಂಟರ ಹುಡುಗಿಯೊಬ್ಬಳು ಇಣುಕಿ, ಟೋಪಿ ನೋಡಿ, ಚಾಪೆಯನ್ನು ಜಗಲಿಗೆ ಎಸೆದು ಒಳಗೆ ಓಡಿದಳು.

"ನನ್ ಮಮ್ಮಗಳು. ನೆನ್ನೆ ತಾನೇ ನೋಡಕ್ಕೆ ಬಂದಿದ್ರು. ಉಂಡು, ಎಲೆಯಡ್ಕೆ ಆಕ್ಕಂಡು, ಹೇಳಿ ಕಳಿಸ್ತೀವಿ ಅಂದ್ರು. ಹೇಳಿ ಕಳಿಸೋ ಮುಖಗಳಲ್ಲ ಬುಡು."

ತೇಜಸ್ವಿನಿ ಕೂರಲಿಲ್ಲ. ಕಂಬಗಳನ್ನು ನೋಡುತ್ತಿದ್ದಳು. ಬಾಗಿಲ ಕಡೆಯಿಂದ ಸಾಲಾಗಿ ಎಲ್ಲ ಕಂಬಗಳೂ ಟಾರಿನಂತೆ ಕಪ್ಪು. ಕೊನೆಯ ಎರಡು ಮಾತ್ರ ಕಪ್ಪಾಗಿರಲಿಲ್ಲ. ಮರದ ಬಣ್ಣ ಹಾಗೇ ಕಾಣುತ್ತ, ಬೆಲ್ಲದ ಪಾಕ ಸವರಿದಂತೆ ಹೊಳೆಯುತ್ತಿದ್ದವು.

"ಈ ಎರಡು ಯಾಕಜ್ಜಿ ಬೇರೆ ಥರ?"

"ಕರೀದು ಮುಗ್ದೋಯ್ತು ಕಣವ್ವ. ಇನ್ನೊಂದು ಕ್ಯಾನ್ ತಂದಿದ್ದ ನನ್ ಮಗ, ಅದ್ನ ಬಳೀತಿವ್ನಿ. ಯಾವಾಗ್ಲೂ ಮಸಿ ಇದ್ದಂಗಿರೋದು ತರೋನು. ಈ ಸಲ ಜೇನುತುಪ್ಪ ಇದ್ದಂಗದೆ. ನಾತ ಮಾತ್ರ ಅದೇ."

ಬೆಟ್ಟಯ್ಯ ಕೆಮ್ಮಿದ.

ತೇಜಸ್ವಿನಿ ಬಗ್ಗಿ ಕ್ಯಾನಿನೊಳಗೆ ಬೆರಳು ಅದ್ದಿದಳು. ಹೊಸ ಎಣ್ಣೆಯೇ. ಆದರೆ ಬೆರಳು ಉಜ್ಜಿದಾಗ ನಡುವೆ ಕೂದಲೆಳೆಯಂಥ ಕಪ್ಪು ಗೆರೆಗಳು ಕಂಡವು. ಅಂಗಡಿಯ ಡಬ್ಬಿಯಿಂದ ಬಂದ ಎಣ್ಣೆಯಲ್ಲಿ ಗೆರೆ ಇರುವುದಿಲ್ಲ. ಇದು ಒಂದು ಗೇರ್ ಬಾಕ್ಸಿನೊಳಗೆ ಹೋಗಿ, ಅಲ್ಲಿ ತಳದಲ್ಲಿ ಉಳಿದಿದ್ದ ಹಳೆಯದನ್ನು ಸ್ವಲ್ಪ ಬೆರೆಸಿಕೊಂಡು ವಾಪಸು ಬಂದ ಎಣ್ಣೆ.

ಹಿತ್ತಲಿನಿಂದ ಮೇವಿನ ಹೊರೆ ಹೊತ್ತು ಒಬ್ಬ ಬಂದ. ಜೀಪು ನೋಡಿದ. ಅವಳ ಬೆರಳು ನೋಡಿದ. ಹೊರೆ ತಾನಾಗಿ ಕೆಳಗೆ ಬಿತ್ತು.

"ಶಿವಮಲ್ಲು ನೀನೇನಾ?"

"ಊಂ ಮೇಡಂ."

"ಈ ಎಣ್ಣೆ ಎಲ್ಲಿಂದ ಬಂತು?"

"ಶಾಂತರಾಜು ಕೊಟ್ಟ. ಮಿಕ್ಕಿತ್ತು ಅಂತ."

"ಹೊಸ ಆಯಿಲ್ಲನ್ನ ಕೊಟ್ಟಿಗೆಗೆ ಬಳಿಯೋಕೆ ಕೊಡೋ ಮೆಕ್ಯಾನಿಕ್ಕು ಯಾವೂರಲ್ಲಿದ್ದಾನೆ ಹೇಳು, ನಾನೂ ಹೋಗ್ತೀನಿ."

ಶಿವಮಲ್ಲು ಬಗ್ಗಿ, ಚೆದುರಿದ ಮೇವನ್ನು ಬಾಚತೊಡಗಿದ.

"ಇದು ಗಾಡಿಯೊಳಗೆ ಹೋಗಿ ಬಂದಿರೋ ಎಣ್ಣೆ. ಇಳಿಸಿದ್ದು ನೀನು. ಅಲ್ಲಿ ಒಬ್ಬ ನಿನ್ನೆಯಿಂದ ಲಾಕಪ್ಪಲ್ಲಿ ಕೂತಿದ್ದಾನೆ. ಮೂರು ಗಂಟೆಗೆ ಜೈಲಿಗೆ ಹೋಗ್ತಾನೆ. ಅವನ ಹೆಂಡತಿ ಮುದ್ದೆ ಹಿಡ್ಕೊಂಡು ಗೇಟಲ್ಲಿ ಕೂತಿದ್ದಾಳೆ. ಇನ್ನೊಂದು ಸುಳ್ಳು ಹೇಳೋದಿದ್ರೆ ಬೇಗ ಹೇಳು, ನನಗೆ ಹೊತ್ತಾಗ್ತಿದೆ."

ಅವನು ಜಗಲಿಯ ಮೇಲೆ ಕುಸಿದು ಕೂತ.

"ರಜಾ ಕೇಳ್ದೆ ಮೇಡಂ. ಶುಕ್ರವಾರ ಹುಡ್ಗಿ ನೋಡಕ್ ಬತ್ತಾರೆ ಸ್ವಾಮ್ಯೋರೇ, ಒಂದಿನ ಬುಡಿ ಅಂದೆ. ಬೆಟ್ಟಕ್ಕೆ ಓಗ್ಬೇಕು ಕಣೋ, ಹೆಣ್ಣು ನೋಡೋರು ನಿನ್ನೇನ್ ನೋಡ್ತಾರಾ, ಬಾ ಸುಮ್ನೆ ಅಂದ್ರು. ಗುರುವಾರ ಸಂಜೆ ಮಬ್ಬಾದ ಮೇಲೆ ಗೇರ್ ಬಾಕ್ಸ್ ಪ್ಲಗ್ ಬಿಚ್ಚಿ ಎಣ್ಣೆ ಇಳಿಸ್ಕಂಡೆ. ಬೆಳಗ್ಗೆ ಓಗಿ, ಸ್ವಾಮ್ಯೋರೇ ಪ್ಲಗ್ ಬಿದ್ದೋಗದೆ, ಗಾಡಿ ಎತ್ತಂಗಿಲ್ಲ, ಶಾಂತರಾಜು ಸರಿಯಾಗ್ ಬಿಗಿ ಮಾಡಿಲ್ಲ ಅಂತ ಹೇಳಿ ಊರಿಗ್ ಬರೋದು ಅಂದ್ಕಂಡಿದ್ದೆ. ಅಷ್ಟೇ."

"ಆಮೇಲೆ?"

"ನಾನ್ ಓಗೋಷ್ಟ್ರಲ್ಲಿ ಅವ್ರೇ ತಗಂಡ್ ಓಗ್ಬುಟ್ಟಿದ್ರು. ಎಂದೂ ಓಡ್ಸಿದವ್ರಲ್ಲ. ಅವತ್ತೇ ಓಡ್ಸ್ಬೇಕಾ?"

"ಶಬ್ದ ಬಂದಿರ್ಬೇಕಲ್ಲ."

"ಅದ್ರೊಳಗೆ ಪಾತ್ರೆ, ತಟ್ಟೆ, ಸಿಲಿಂಡರು ಎಲ್ಲಾ ಕುಣೀತಾವೆ ಮೇಡಂ. ಗೇರ್ ಬಾಕ್ಸು ಅರಚಿಕೊಂಡ್ರೂ ಕೇಳ್ಸಲ್ಲ."

ರಾಚಮ್ಮ ಕೈಲಿದ್ದ ಎಣ್ಣೆ ಬಟ್ಟೆಯನ್ನು ಅವನ ಮೇಲೆ ಎಸೆದಳು. "ಥೂ ನಿನ್ ಮುಖಕ್ಕೆ! ಇಳಿಸಿದ್ದೂ ಇಳಿಸ್ದೆ, ಅದ್ನ ಎಲ್ಲಾರ ಚೆಲ್ಬುಟ್ಟು ಬರ್ಬಾರ್ದಾಗಿತ್ತಾ? ಮನೇಗ್ಯಾಕ್ ತಂದೆ?"

"ಹೊಸ ಎಣ್ಣೆ ಕಣವ್ವ," ಎಂದ ಶಿವಮಲ್ಲು ಸಣ್ಣ ದನಿಯಲ್ಲಿ. "ಚೆಲ್ಲಕ್ಕೆ ಮನಸ್ಸು ಬರ್ಲಿಲ್ಲ."

ಒಳಗೆ ಅನು ಕಿಸಕ್ಕನೆ ನಕ್ಕು ಬಾಯಿ ಮುಚ್ಚಿಕೊಂಡದ್ದು ಕೇಳಿಸಿತು.

"ಪ್ಲಗ್ಗು ಎಲ್ಲಿ?"

ಅವನು ಎದ್ದು ಸೂರಿನ ಹೆಂಚಿನ ಸಂದಿಗೆ ಕೈ ತೂರಿಸಿ ಬಟ್ಟೆಯಲ್ಲಿ ಸುತ್ತಿದ್ದ ಪ್ಲಗ್ಗನ್ನು ತೆಗೆದುಕೊಟ್ಟ. ಆರು ಮೂಲೆಯ ತಲೆ, ಮಾಮೂಲಿ ಸ್ಪ್ಯಾನರಿಗೆ ಸಿಕ್ಕುವಂಥದ್ದು.

"ಇನ್ನೊಂದು?"

"ಇನ್ನೊಂದ್ ಯಾವ್ದು?"

"ಕ್ರೌನಿಂದು."

ಶಿವಮಲ್ಲು ಅವಳ ಮುಖವನ್ನೇ ನೋಡಿದ. ಇಷ್ಟು ಹೊತ್ತು ನೆಲ ನೋಡುತ್ತಿದ್ದವನು.

"ಕ್ರೌನ್ ನಾನ್ ಮುಟ್ಲಿಲ್ಲ ಮೇಡಂ."

"ಅದೂ ಖಾಲಿ ಇದೆ."

"ಮಾದಪ್ಪನಾಣೆ ಮುಟ್ಲಿಲ್ಲ. ನಾನ್ ಕೆಳಗೆ ನುಗ್ಗಿದಾಗ ಕ್ರೌನ್ ಪ್ಲಗ್ಗು ಬಿಗಿಯಾಗೇ ಇತ್ತು, ಕೈಯಾಡ್ಸಿ ನೋಡಿವ್ನಿ. ಗೇರ್ ಬಾಕ್ಸ್ ಖಾಲಿ ಅಂದ್ರೆ ಗಾಡಿ ಕೂಗ್ತದೆ, ಗೇರ್ ಬೀಳಲ್ಲ, ನಿಲ್ಲಿಸ್ಬೇಕಾಯ್ತದೆ. ನಂಗೆ ಅಷ್ಟೇ ಬೇಕಾಗಿದ್ದು. ಕ್ರೌನ್ ಖಾ‌ಲಿ ಮಾಡಿದ್ರೆ ಚಕ್ರ ಕಚ್ಕಂಡು ಜನ ಸಾಯ್ತಾರೆ. ನಂಗೇನ್ ಹುಚ್ಚಾ?"

"ಸುಳ್ಳು ಮೇಡಂ!" ಬೆಟ್ಟಯ್ಯ ಮುಂದೆ ನುಗ್ಗಿ ಅವನ ರಟ್ಟೆ ಹಿಡಿದ. "ಎರಡೂ ಇವ್ನೇ ಮಾಡವ್ನೆ. ಬೊಗಳ್ಲಾ, ಒಪ್ಕಳ್ಲಾ ಸುಮ್ನೆ!"

"ಬಿಡಿ ಬೆಟ್ಟಯ್ಯನೋರೇ."

"ಇಂಥವ್ರಿಗೆ ಎರಡು ಬಿಟ್ರೆ—"

"ಬಿಡಿ ಅಂದೆ."

ತೇಜಸ್ವಿನಿ ಎರಡೂ ಕ್ಯಾನುಗಳನ್ನು ಪಕ್ಕಪಕ್ಕ ಇಟ್ಟಳು. ಒಂದರ ಒಳಗೆಲ್ಲ ಮಸಿ. ಅದಕ್ಕೆ ಹೊಸ ಎಣ್ಣೆ ಬಿದ್ದಿದ್ದರೆ ಕಂಬಗಳು ಜೇನಿನ ಬಣ್ಣ ಆಗುತ್ತಿರಲಿಲ್ಲ. ಇನ್ನೊಂದು ಚಿಕ್ಕದು. ಗೇರ್ ಬಾಕ್ಸಿನ ಎಣ್ಣೆಗೇ ಅದು ತುಂಬಿಹೋಗುತ್ತದೆ. ಕ್ರೌನಿನದೂ ಸೇರಿದರೆ ಹಿಡಿಸುವ ಮಾತೇ ಇಲ್ಲ.

ಹೆದರಿದ ಮನುಷ್ಯ, ದಡ್ಡ ಮನುಷ್ಯ. ಆದರೆ ನಿಜ ಹೇಳುತ್ತಿದ್ದ. ಇವನು ಹೋದ ಮೇಲೆ ಇನ್ನೊಬ್ಬ ಅದೇ ಬಸ್ಸಿನ ಕೆಳಗೆ ನುಗ್ಗಿದ್ದಾನೆ. ಅವನಿಗೆ ಬೇಕಾಗಿದ್ದದ್ದು ರಜೆಯಲ್ಲ.

"ಜೀಪು ಹತ್ತು," ಎಂದಳು ಶಿವಮಲ್ಲುವಿಗೆ. "ಇದನ್ನೆಲ್ಲ ಠಾಣೇಲಿ ಹೇಳು. ಅಷ್ಟು ಮಾಡಿದ್ರೆ ಒಬ್ಬ ಮನೆಗೆ ಹೋಗ್ತಾನೆ."

•

ಸರ್ಕಲ್ ಇನ್‌ಸ್ಪೆಕ್ಟರು ಫೋನಿನಲ್ಲಿ ಪೂರ್ತಿ ಕೇಳಿಸಿಕೊಂಡರು. ಬಿಗಿಯಾಗಿದ್ದ ಪ್ಲಗ್ಗನ್ನು ಬಿಚ್ಚಿದವನು ಸಿಕ್ಕಿದ್ದಾನೆ. ಅವನು ಬಿಚ್ಚುವಾಗ ಇನ್ನೊಂದೂ ಬಿಗಿಯಾಗಿತ್ತು. ಆಮೇಲೆ ಬೆಳಗಿನವರೆಗೆ ಮೆಕ್ಯಾನಿಕ್ಕು ತೆರಕಣಾಂಬಿಯಲ್ಲಿದ್ದ.

"ಹಾಗಾದ್ರೆ ಅವನನ್ನ ಯಾಕೆ ಇಟ್ಕೊಂಡಿದ್ದೀಯಮ್ಮ? ಕಳಿಸು. ಕ್ರೌನ್ ಬಿಚ್ಚಿದವನನ್ನ ಹುಡುಕು."

ಬೀಗ ತೆಗೆದಾಗ ಶಾಂತರಾಜು ಹೊರಗೆ ಬಂದು, ಮೊದಲು ಬೆಂಚಿನ ಮೇಲೆ ಕೂತಿದ್ದ ಶಿವಮಲ್ಲುವಿನ ಎದುರು ನಿಂತ. ತೇಜಸ್ವಿನಿ ಹೊಡೆದಾಟಕ್ಕೆ ಸಿದ್ಧಳಾದಳು.

"ಲೋ ಶಿವಮಲ್ಲು. ಒಂದಿನ ರಜಾ ಬೇಕಂದ್ರೆ ಒಟ್ಟೆನೋವು ಅನ್ಬಾರ್ದೇನ್ಲಾ?"

"ತಪ್ಪಾಯ್ತು ಕಣಣ್ಣ."

"ಭೇದಿ ಅನ್ಬಾರ್ದಾ? ಗಾಡಿಗೆ ಭೇದಿ ಮಾಡಿಸ್ಬೇಕಾಗಿತ್ತಾ?"

ಬರೆಯುತ್ತಿದ್ದ ರೈಟರು ಪೆನ್ನು ಕೆಳಗಿಟ್ಟು ನಕ್ಕ. ಶಿವಮಲ್ಲು ಕೂಡ ನಕ್ಕು, ತಕ್ಷಣ ಅಳತೊಡಗಿದ.

ಗೇಟಿನಲ್ಲಿ ಕುಮಾರಿ ಎದ್ದು ನಿಂತಳು. ಗಂಡನನ್ನು ಕಾಲಿನಿಂದ ತಲೆಯವರೆಗೆ ಒಂದು ಸಲ ನೋಡಿದಳು, ಎಲ್ಲೂ ಮುರಿದಿಲ್ಲ ಎಂದು ಖಾತ್ರಿಯಾಗುವ ತನಕ.

"ಮುದ್ದೆ ಕಲ್ಲಾಗದೆ," ಎಂದಳು. "ತಿನ್ನೋದಾದ್ರೆ ತಿನ್ನಿ."

ಅವನು ಅಲ್ಲೇ ಗೇಟಿನ ಪಕ್ಕ ಕೂತು ತಿಂದ. ಅವಳು ಸಾರು ಬಗ್ಗಿಸುತ್ತಿದ್ದಳು. ಅವನ ಮುಖವನ್ನೇ ನೋಡುತ್ತಿದ್ದುದರಿಂದ ಸಾರು ಹೊರಗೂ ಚೆಲ್ಲುತ್ತಿತ್ತು. ಅವನು ಬಟ್ಟಲನ್ನು ಸಾರು ಬೀಳುವ ಕಡೆಗೆ ಸರಿಸಿದ.

ಗೋಡೆ ಗಡಿಯಾರದಲ್ಲಿ ಮೂರು ಹೊಡೆಯಲು ಇನ್ನೂ ಹೊತ್ತಿತ್ತು. ತೇಜಸ್ವಿನಿ ಬೆಳಗ್ಗೆಯಿಂದ ಮೊದಲ ಸಲ ಕುರ್ಚಿಗೆ ಒರಗಿ ಒಂದು ಲೋಟ ಕಾಫಿ ಕುಡಿದಳು. ಬಿಸಿಯಾಗಿತ್ತು. ಅಷ್ಟೇ ಸಾಕೆನಿಸಿತು.

ಬೆಟ್ಟಯ್ಯ ಬಾಗಿಲಲ್ಲಿ ಬಂದು ನಿಂತ. "ಒಳ್ಳೇದಾಯ್ತು ಬುಡಿ ಮೇಡಂ. ಪಾಪ, ನಾನೂ ಆತುರ ಬಿದ್ಬುಟ್ಟೆ."

"ಆಗುತ್ತೆ ಬೆಟ್ಟಯ್ಯನೋರೇ. ಇವರನ್ನ ಶೆಡ್ಡಿಗೆ ಬಿಟ್ಟು ಬರೋಣ. ನನಗೂ ಅಲ್ಲಿ ಒಂದು ವಿಷಯ ಕೇಳೋದಿದೆ."

•

ಜೀಪಿನ ಹಿಂದೆ ಹತ್ತಿದ ಶಾಂತರಾಜು ಮೂಗು ಎತ್ತಿ ಎರಡು ಸಲ ಉಸಿರೆಳೆದ.

"ಏನ್ ಬೆಟ್ಟಯ್ಯಣ್ಣ, ಜೀಪಲ್ಲಿ ಗೇರ್ ಆಯಿಲ್ ನಾತ?"

"ಸರ್ಕಾರಿ ಗಾಡಿ ಕಣ್ಲಾ. ಸೋರ್ತದೆ."

"ಸೋರಿದ್ರೆ ಕೆಳಗ್ ಸೋರ್ಬೇಕು. ಇದು ಸೀಟಿಂದ ಬತ್ತಾದೆ."

"ನಿನ್ ಬಟ್ಟೇದೇ ಇರ್ಬೇಕು, ಕೂತ್ಕ."

ಕುಮಾರಿ ನಕ್ಕಳು. ಶಾಂತರಾಜುವೂ ನಕ್ಕ. ಒಂದು ರಾತ್ರಿ ಲಾಕಪ್ಪಿನಲ್ಲಿದ್ದು ಬಂದವನಿಗೆ ಹೆದ್ದಾರಿಯ ಗಾಳಿಯೇ ನಗು ತರಿಸುತ್ತಿತ್ತು. ಚಿಕ್ಕಾಟಿ ಊರಿಗೆ ಹೋಗುವ ಬಸ್ಸನ್ನು ನೋಡಿ, ಕೋಳಿ ಅಂಗಡಿಯನ್ನು ನೋಡಿ, ಎದುರು ಬಂದ ಕೇರಳದ ಲಾರಿಗೆ ಕೈ ಬೀಸಿ, ಎಲ್ಲಕ್ಕೂ ನಗುತ್ತಿದ್ದ.

ಶೆಡ್ಡು ಇದ್ದ ಹಾಗೇ ಇತ್ತು. ತಗಡಿನ ಛಾವಣಿ, ಮಣ್ಣಿನ ನೆಲ, ಹಿಂದೆ ಗಂಡ ಹೆಂಡತಿಯ ಒಂದು ಕೋಣೆ. ಬೆಟ್ಟಯ್ಯ ಜೀಪಿನಲ್ಲೇ ಉಳಿದ. ಮಂಡಿ ನೋವು ಎಂದ.

"ಶಾಂತರಾಜು, ಕ್ರೌನ್ ಪ್ಲಗ್ಗಿಗೆ ತಲೆ ಇಲ್ವಲ್ಲ. ಚೌಕದ ಕುಳಿ ಇದೆ. ಯಾವುದರಲ್ಲಿ ಬಿಚ್ತೀಯ?"

"ಅದಕ್ಕೆ ಬೇರೆ ಕೀ ಮೇಡಂ. ಸ್ಪ್ಯಾನರ್ ಹತ್ತಲ್ಲ. ಶಿವಮಲ್ಲು ತಿಪ್ಪರಲಾಗ ಹಾಕಿದ್ರೂ ಅದ್ನ ಬಿಚ್ಚಕ್ಕಾಗಲ್ಲ, ಪಾಪ. ಅಂಗಡೀಲಿ ಸಿಕ್ಕಲ್ಲ ಅಂತ ಬದನಗುಪ್ಪೆ ಹತ್ರ ಒಂದು ಲೇತಲ್ಲಿ ಮಾಡಿಸ್ಕಂಬಂದಿದ್ದೆ. ಈ ಊರಲ್ಲಿ ಇರೋದು ಅದೊಂದೇ. ಅಗೋ, ಆ ಮೊಳೆಗೆ ನೇತಾಕಿ—"

ತಿರುಗಿ ಕೈ ತೋರಿಸಿದವನು ನಿಂತ.

ಗೋಡೆಯ ಹಲಗೆಯ ಮೇಲೆ ಮೊಳೆಗಳ ಸಾಲು. ಪ್ರತಿಯೊಂದಕ್ಕೂ ಒಂದೊಂದು ಹತಾರ. ಒಂದು ಮೊಳೆ ಮಾತ್ರ ಖಾಲಿ. ಕೀ ನೇತಾಡಿದ್ದ ಜಾಗದಲ್ಲಿ ಹಲಗೆಯ ಮೇಲೆ ಅದರ ಆಕಾರದ ಎಣ್ಣೆ ಕಲೆ ಉಳಿದಿತ್ತು.

"ಗುರುವಾರ ಕೆಲಸ ಮುಗ್ಸಿ ನಾನೇ ನೇತಾಕಿದ್ದೆ," ಎಂದ. "ಕುಮಾರೀ, ಇಲ್ಲಿದ್ದ ಚೌಕದ ಕೀ ಯಾರಾದ್ರೂ ತಗಂಡೋದ್ರಾ?"

ಕುಮಾರಿ ಒಳಗೆ ಒಲೆ ಹಚ್ಚುತ್ತಿದ್ದಳು. ಊದುಕೊಳವೆ ಹಿಡಿದುಕೊಂಡೇ ಬಾಗಿಲಿಗೆ ಬಂದಳು. ಮುಖದಲ್ಲಿ ಎರಡು ದಿನದ ಮೇಲೆ ಬಂದ ಸಮಾಧಾನ.

"ಅದಾ? ಗುರುವಾರ ನೀವ್ ತೆರಕಣಾಂಬಿಗೆ ಓದ್ರಲ್ಲ, ದೀಪ ಅಚ್ಚಿದ ಮೇಲೆ ಬಂದು ಇಸ್ಕಂಡೋದ್ರು. ಠಾಣೆ ಜೀಪಿಗೆ ಬೇಕು, ಬೆಳಗ್ಗೆ ತಂದ್ಕೊಡ್ತೀನಿ ಅಂದ್ರು. ಈ ಗಲಾಟೇಲಿ ಮರ್ತೇ ಓಗಿದ್ದೆ."

"ಯಾರು?" ಎಂದಳು ತೇಜಸ್ವಿನಿ.

"ಬೆಟ್ಟಯ್ಯಣ್ಣ ಕಣಕ್ಕ. ಇಲ್ಲೇ ಅವ್ರಲ್ಲ, ಕೇಳಿ."

ಶಾಂತರಾಜುವಿನ ಮುಖದಿಂದ ನಗು ಹೋಯಿತು. ತುಂಬ ಮೆಲ್ಲಗೆ, ತೇಜಸ್ವಿನಿಯೊಬ್ಬಳಿಗೇ ಕೇಳಿಸುವಂತೆ ಹೇಳಿದ.

"ಮೇಡಂ. ಠಾಣೆ ಜೀಪಿಗೆ ಆ ಕೀ ಹತ್ತಲ್ಲ."

ಹೊರಗೆ ಜೀಪು ಸ್ಟಾರ್ಟ್ ಆಯಿತು. ಹಾರನ್ನು ಎರಡು ಸಲ ಕೂಗಿತು.

"ಮೇಡಂ," ಎಂದು ಬೆಟ್ಟಯ್ಯ ಕರೆದ. "ಓಗನ್ವಾ?"